ಬಾನೆಟ್ ಎತ್ತುವ ಮೊದಲು ‘ಗೊತ್ತಿಲ್ಲ’ ಅನ್ನಿ

ರಸ್ತೆಯಲ್ಲಿ ಒಂದು ಕಾರು ಕೆಟ್ಟು ನಿಂತರೆ ಮುಂದೆ ಏನೇನಾಗುತ್ತದೆ ಅಂತ ನೀವು ಎಂದಾದರೂ ಗಮನಿಸಿದ್ದೀರಾ? ಡ್ರೈವರ್ ಸೀಟಿನಿಂದ ಒಬ್ಬ ಗಂಡಸು ಇಳಿಯುತ್ತಾನೆ. ಮೊದಲು ಮುಂದಿನ ಟೈರಿಗೆ ಒಂದು ಒದೆ ಕೊಡುತ್ತಾನೆ. ತಪ್ಪು ಮಾಡಿದ್ದು ಎಂಜಿನ್, ಒದೆ ತಿನ್ನುವುದು ಟೈರು. ಆಮೇಲೆ ಬಾನೆಟ್ ಎತ್ತುತ್ತಾನೆ. ಎತ್ತಿ, ಸೊಂಟದ ಮೇಲೆ ಎರಡೂ ಕೈ ಇಟ್ಟುಕೊಂಡು ಒಳಗೆ ನೋಡುತ್ತಾ ನಿಲ್ಲುತ್ತಾನೆ. ಓದದೇ ಬಿಟ್ಟ ಚಾಪ್ಟರ್‌ನಿಂದ ಹನ್ನೆರಡು ಮಾರ್ಕಿನ ಪ್ರಶ್ನೆ ಬಂದಾಗ ನಾನು ಅಕೌಂಟೆನ್ಸಿ ಪೇಪರನ್ನು ನೋಡುವುದೂ ಸರಿಯಾಗಿ ಹೀಗೆಯೇ.

ಎರಡು ನಿಮಿಷ ಕಳೆಯುವುದರೊಳಗೆ ಅವನ ಪಕ್ಕ ಇನ್ನೊಬ್ಬ ಬಂದು ನಿಲ್ಲುತ್ತಾನೆ. ಐದು ನಿಮಿಷಕ್ಕೆ ಆರು ಜನ. ಎಲ್ಲರೂ ಒಳಗೆ ಬಗ್ಗಿ ನೋಡುತ್ತಾರೆ, ಎಲ್ಲರ ಹತ್ತಿರವೂ ಒಂದೊಂದು ಉತ್ತರ ಇರುತ್ತದೆ. ಒಂದು ಉತ್ತರ ಇನ್ನೊಂದರ ಹಾಗಿರುವುದಿಲ್ಲ. ಆ ಆರು ಜನರಲ್ಲಿ ಒಬ್ಬ ಹೆಂಗಸೂ ಇರುವುದಿಲ್ಲ. ಕಾರಿನಲ್ಲಿದ್ದ ಹೆಂಗಸರು ಕಿಟಕಿಯ ಗಾಜು ಅರ್ಧ ಇಳಿಸಿಕೊಂಡು ಒಳಗೇ ಕುಳಿತಿರುತ್ತಾರೆ.

ಗಂಡಸರಿಗೆ ಗಾಡಿಯ ಬಗ್ಗೆ ಗೊತ್ತಿಲ್ಲ ಎಂಬುದು ನನ್ನ ದೂರಲ್ಲ. ಎಲ್ಲರಿಗೂ ಎಲ್ಲವೂ ಹೇಗೆ ಗೊತ್ತಿರಲು ಸಾಧ್ಯ? ಗೊತ್ತಿಲ್ಲದಾಗ ‘ಗೊತ್ತಿಲ್ಲ’ ಅನ್ನಲು ನಮಗೆ ಬಾಯಿ ಬರುವುದಿಲ್ಲ ಎಂಬುದು ನನ್ನ ದೂರು. ‘ನಮಗೆ’ ಅಂತ ಬೇಕೆಂದೇ ಬರೆದಿದ್ದೇನೆ, ನಾನೂ ಅದರಲ್ಲಿ ಸೇರಿದ್ದೇನೆ. ಇದನ್ನು ಬರೀ ನಗಿಸಲು ಬರೆಯುತ್ತಿಲ್ಲ. ನಮ್ಮ ಮನೆಯಲ್ಲಿ ಈ ಒಂದು ಪದ ಬಾಯಿಗೆ ಬಾರದೆ ಅಬ್ಬುವಿನ ಬಲಗೈ ಸುಟ್ಟಿತು.

ಹೋದ ಏಪ್ರಿಲ್ ರಜೆಯ ಮಾತು. ಬನಶಂಕರಿಯ ಯಾರಬ್ ನಗರದಲ್ಲಿರುವ ಖಾಲಾ ಮನೆಯಲ್ಲಿ ಅವರ ಮಗಳ ಮಂಗ್ನಿ ಇತ್ತು. ನಾವು ಗುರಪ್ಪನಪಾಳ್ಯದಿಂದ ಮಧ್ಯಾಹ್ನ ಹೊರಟೆವು. ಮುಂದೆ ಅಬ್ಬು ಮತ್ತು ನಾನು, ಹಿಂದೆ ಅಮ್ಮಿ ಮತ್ತು ಆಪಾ, ಅಮ್ಮಿಯ ತೊಡೆಯ ಮೇಲೆ ಮಿಠಾಯಿಯ ಥಾಲಿ. ನಮ್ಮದು ಹನ್ನೊಂದು ವರ್ಷ ಹಳೆಯ ಚಿಕ್ಕ ಕಾರು. ರಿಂಗ್ ರೋಡಿನಲ್ಲಿ ಒಂದೊಂದು ಸಿಗ್ನಲ್‌ಗೂ ಐದೈದು ನಿಮಿಷ. ಎಸಿಯಿಂದ ತಣ್ಣನೆ ಗಾಳಿ ಬರುತ್ತಿರಲಿಲ್ಲ.

ಜೆ.ಪಿ. ನಗರದ 24ನೇ ಮೇನ್ ಹತ್ತಿರ ಅಮ್ಮಿ ಹಿಂದಿನಿಂದ ಹೇಳಿದರು, “ಎರಡು ದಿನದಿಂದ ಗಾಡಿ ನಿಲ್ಲಿಸಿದ ಮೇಲೆ ಬರುವ ಫ್ಯಾನ್ ಸದ್ದು ಬರುತ್ತಿಲ್ಲ. ಒಮ್ಮೆ ತೋರಿಸಬಾರದಿತ್ತೇ?” ಅಬ್ಬು ರೇಡಿಯೋ ಸೌಂಡ್ ಸ್ವಲ್ಪ ಜಾಸ್ತಿ ಮಾಡಿದರು. ಆಪಾ ಮುಂದಕ್ಕೆ ಬಗ್ಗಿ, “ಅಬ್ಬು, ಟೆಂಪರೇಚರ್ ಮುಳ್ಳು ಮೇಲೆ ಹೋಗಿದೆ” ಅಂದಳು. ಅಬ್ಬು, “ಅದು ಸೆನ್ಸಾರ್ ಪ್ರಾಬ್ಲಂ, ಇನ್ನೇನು ಮನೆ ಬಂತಲ್ಲ” ಅಂದರು. ಮನೆ ಬರಲಿಲ್ಲ. ಸಾರಕ್ಕಿ ಸಿಗ್ನಲ್ ಬಂತು. ಅಲ್ಲಿ ಬಾನೆಟ್ ಸಂದಿನಿಂದ ಬಿಳಿ ಹಬೆ ಎದ್ದು ಕಾರು ನಿಂತುಬಿಟ್ಟಿತು.

ಹಿಂದಿನಿಂದ ಹಾರ್ನ್ ಶುರುವಾಯಿತು. ಅಬ್ಬು ಹತ್ತು ಹದಿನೈದು ಸಲ ಸೆಲ್ಫ್ ಹೊಡೆದರು. ಆಮೇಲೆ ನಾಲ್ಕು ಜನ ಸೇರಿ ದೂಡಿ ಗಾಡಿಯನ್ನು ಪಕ್ಕಕ್ಕೆ ಹಾಕಿಕೊಟ್ಟರು. ಇದನ್ನು ಹೇಳಲೇಬೇಕು. ನಮ್ಮ ಊರಿನ ಗಂಡಸರು ಗುರುತು ಪರಿಚಯ ಕೇಳದೆ ಗಾಡಿ ದೂಡುತ್ತಾರೆ. ಆ ವಿಷಯದಲ್ಲಿ ಅವರಿಗೆ ನೂರಕ್ಕೆ ನೂರು. ಮಾರ್ಕು ಹೋಗುವುದು ದೂಡಿದ ಮೇಲೆ.

ಒಬ್ಬರು “ಬ್ಯಾಟರಿ ಸರ್, ಗ್ಯಾರಂಟಿ” ಅಂದರು. ಡೆಲಿವರಿ ಬ್ಯಾಗ್ ಹೊತ್ತ ಹುಡುಗ “ಫ್ಯೂಯಲ್ ಪಂಪ್ ಇರ್ಬೇಕು” ಅಂದ. ತರಕಾರಿ ಚೀಲ ಹಿಡಿದ ಒಬ್ಬ ಹಿರಿಯರು “ಕಾರ್ಬೊರೇಟರ್ ಕ್ಲೀನ್ ಮಾಡಿಸಿ, ಎಲ್ಲ ಸರಿ ಹೋಗುತ್ತೆ” ಅಂದರು. ನಮ್ಮ ಕಾರಿನಲ್ಲಿ ಕಾರ್ಬೊರೇಟರೇ ಇಲ್ಲ, ಈಗಿನ ಯಾವ ಹೊಸ ಕಾರಿನಲ್ಲೂ ಇರುವುದಿಲ್ಲ. ಇನ್ನೊಬ್ಬರು ತಮ್ಮ ಭಾವಮೈದುನನ ಗಾಡಿ ತುಮಕೂರು ರಸ್ತೆಯಲ್ಲಿ ಹೀಗೇ ನಿಂತ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಹಬೆ ಕಣ್ಣ ಮುಂದೆಯೇ ಏಳುತ್ತಿತ್ತು, ಅದರ ಬಗ್ಗೆ ಮಾತ್ರ ಯಾರೂ ಮಾತಾಡಲಿಲ್ಲ.

ಅಬ್ಬು ಕರ್ಚೀಫ್ ಮಡಿಸಿ ರೇಡಿಯೇಟರ್ ಮುಚ್ಚಳದ ಮೇಲೆ ಇಟ್ಟರು. ಆಗ ಅಮ್ಮಿ ಕಾರಿನ ಬಾಗಿಲು ತೆರೆದು ಜೋರಾಗಿ ಕೂಗಿದರು: “ನಕೋ! ಕುಕ್ಕರ್ ಇದ್ದ ಹಾಗೆ ಅದು, ಸೀಟಿ ಇಳಿಯದೆ ತೆಗೆಯಬೇಡಿ!” ಅಬ್ಬು ತಿರುಗಿಯೂ ನೋಡದೆ, “ನೀನು ಒಳಗೆ ಕೂತುಕೋ” ಅಂದರು. ಒಬ್ಬ ಆಟೋ ಡ್ರೈವರ್ ಕೂಡ “ಸಾರ್, ಬಿಸಿ ಐತೆ, ಕೈ ಹಾಕ್ಬೇಡಿ” ಅಂದರು. ಅಷ್ಟರಲ್ಲಿ ಮುಚ್ಚಳ ತಿರುಗಿತ್ತು.

ಕುದಿಯುವ ನೀರು ಅಬ್ಬುವಿನ ಬಲಗೈ ಮೇಲೆ ಮೊಣಕೈವರೆಗೆ ಚಿಮ್ಮಿತು. ಮುಖ ಉಳಿದದ್ದು ಅಲ್ಲಾಹನ ದಯೆ. ಆಗಲೂ ಸಲಹೆ ನಿಲ್ಲಲಿಲ್ಲ. ಒಬ್ಬರು ಟೂತ್‌ಪೇಸ್ಟ್ ಹಚ್ಚಿ ಅಂದರು, ಇನ್ನೊಬ್ಬರು ಮೊಸರು ಅಂದರು. ಅಮ್ಮಿ ಯಾರ ಮಾತನ್ನೂ ಕೇಳಲಿಲ್ಲ. ಪಕ್ಕದ ಎಳನೀರು ಗಾಡಿಯವರ ಹತ್ತಿರ ಎರಡು ಕೊಡ ನೀರು ಕೇಳಿ ಪಡೆದು, ಇಪ್ಪತ್ತು ನಿಮಿಷ ಸಣ್ಣಗೆ ಕೈ ಮೇಲೆ ಸುರಿಯುತ್ತಾ ನಿಂತರು. ಕ್ಲಿನಿಕ್‌ನಲ್ಲಿ ಡಾಕ್ಟರ್ ಮೊದಲು ಕೇಳಿದ್ದೇ “ನೀರು ಹಾಕಿದ್ದು ಯಾರು?” ಅಂತ. ಸುಟ್ಟ ಗಾಯಕ್ಕೆ ಮೊದಲ ಔಷಧಿ ಹರಿಯುವ ತಣ್ಣೀರೇ, ಬೇರೇನೂ ಹಚ್ಚಬಾರದು ಅಂತ ಅವರು ಹೇಳಿದರು.

ಅಮ್ಮಿ ಹೇಳಿದ ಕುಕ್ಕರ್ ಮಾತು ಸರಿಯಾದ ವಿಜ್ಞಾನ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಆದರೆ ರೇಡಿಯೇಟರ್ ಮುಚ್ಚಳ ಒತ್ತಡವನ್ನು ಒಳಗೇ ಹಿಡಿದಿಡುತ್ತದೆ. ಅದರಿಂದ ಒಳಗಿನ ದ್ರವ 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆಗೆದ ಕ್ಷಣ ಒತ್ತಡ ಇಳಿಯುತ್ತದೆ, ಅಷ್ಟೂ ದ್ರವ ಒಮ್ಮೆಲೇ ಕುದಿದು ಹೊರಗೆ ಹಾರುತ್ತದೆ. ದಿನಾ ಎರಡು ಸಲ ಕುಕ್ಕರ್ ಇಡುವವರಿಗೆ ಇದು ಪುಸ್ತಕ ಓದದೆಯೇ ಗೊತ್ತು. ಆ ರಸ್ತೆಯಲ್ಲಿ ಕೆಲಸಕ್ಕೆ ಬರುವ ವಿದ್ಯೆ ಇದ್ದದ್ದು ಅಮ್ಮಿಗೆ, ಆಟೋದವರಿಗೆ. ಬಾನೆಟ್ ಮುಂದೆ ಜಾಗ ಇದ್ದದ್ದು ಉಳಿದವರಿಗೆ.

ಈ ಘಟನೆಯ ನಂತರ ನಾನು ಗಂಡಸರನ್ನು, ಅಂದರೆ ನಮ್ಮ ಮೊಹಲ್ಲಾದವರನ್ನು, ಮಾಮೂಗಳನ್ನು, ನನ್ನ ಗೆಳೆಯರ ಅಪ್ಪಂದಿರನ್ನು ಗಮನಿಸಲು ಶುರುಮಾಡಿದೆ. ಗಾಡಿ ಕೆಟ್ಟಾಗ ಎಲ್ಲರೂ ಒಂದೇ ಶಾಲೆಯಲ್ಲಿ ಓದಿದವರ ಹಾಗೆ ನಡೆದುಕೊಳ್ಳುತ್ತಾರೆ. ಎಂಜಿನ್ ಸದ್ದು ಮಾಡಿದರೆ ಹಾಡಿನ ಸದ್ದು ಏರಿಸುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ದೀಪ ಹೊತ್ತಿದರೆ ‘ಅದು ಸುಮ್ಮನೆ ಬರುತ್ತೆ’ ಅನ್ನುತ್ತಾರೆ. ಕಾರಿನ ಜೊತೆ ಬಂದ ಪುಸ್ತಕ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಹೊಸದಾಗಿಯೇ ಇರುತ್ತದೆ. ಕಾರು ಓಡುವಾಗ ಅದು ‘ನನ್ನ ಗಾಡಿ’. ನಿಂತಾಗ ‘ಎಸಿ ಹಾಕು ಅಂದವರು ಯಾರು?’ ಅನ್ನುವ ಪ್ರಶ್ನೆ.

ಗ್ಯಾರೇಜಿನಲ್ಲಿ ಇನ್ನೂ ಚೆನ್ನಾಗಿರುತ್ತದೆ. ಮೊಹಲ್ಲಾದಲ್ಲಿ ಎಲ್ಲರೂ ಎದ್ದು ನಿಂತು ಸಲಾಂ ಹೇಳುವ ದೊಡ್ಡ ಮನುಷ್ಯರು ಮೆಕ್ಯಾನಿಕ್ ಮುಂದೆ ನಿಂತು “ಗರ್‌ರ್... ಟಕ್ ಟಕ್... ಆಮೇಲೆ ಕುಂಯ್ ಅಂತದೆ” ಅಂತ ಬಾಯಲ್ಲೇ ಎಂಜಿನ್ ಓಡಿಸುತ್ತಾರೆ. ಮೆಕ್ಯಾನಿಕ್ ಏನೋ ಒಂದು ಹೆಸರು ಹೇಳಿದರೆ ‘ಹೌದು ಹೌದು, ನಾನೂ ಅದೇ ಅಂದುಕೊಂಡೆ’ ಎಂದು ತಲೆ ಆಡಿಸುತ್ತಾರೆ. ಅದು ಏನು, ಎಲ್ಲಿರುತ್ತದೆ, ಯಾಕೆ ಬದಲಿಸಬೇಕು ಅಂತ ಕೇಳುವುದಿಲ್ಲ. ಬಟ್ಟೆ ಅಂಗಡಿಯಲ್ಲಿ ಮೀಟರಿಗೆ ಹತ್ತು ರೂಪಾಯಿ ಬಿಡಿಸಲು ಅರ್ಧ ಗಂಟೆ ಮಾತಾಡುವವರು ಇಲ್ಲಿ ಬಿಲ್ ಓದದೆ ದುಡ್ಡು ಕೊಟ್ಟು ಬರುತ್ತಾರೆ.

ಈ ವಿಷಯದಲ್ಲಿ ಜಾತಿ ಧರ್ಮದ ಭೇದವೂ ಇಲ್ಲ. ನಮ್ಮ ಗಾಡಿಯ ಹಿಂದಿನ ಗಾಜಿನ ಮೇಲೆ ‘ಮಾಷಾ ಅಲ್ಲಾಹ್’ ಸ್ಟಿಕ್ಕರ್ ಇದೆ. ಎದುರು ಮನೆ ಅಂಕಲ್ ಗಾಡಿಯ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ತೂಗುತ್ತದೆ. ಆಪಾ ಒಂದು ದಿನ ಎರಡೂ ಗಾಡಿಗಳ ಕೂಲಂಟ್ ಡಬ್ಬಿ ನೋಡಿದಳು. ಎರಡೂ ‘ಮಿನ್’ ಗೆರೆಯ ಕೆಳಗಿದ್ದವು.

ನಾನು ಕಾಮರ್ಸ್ ಹುಡುಗ, ಲೆಕ್ಕ ಬರೆಯದೆ ಇರಲಾರೆ. ನಮ್ಮ ಕಾರಿನಲ್ಲಿ ನಿಜವಾಗಿ ಕೆಟ್ಟದ್ದು ರೇಡಿಯೇಟರ್ ಫ್ಯಾನಿನ ಫ್ಯೂಸ್. ಅದರ ಬೆಲೆ ಇಪ್ಪತ್ತು ರೂಪಾಯಿ. ಗಾಡಿ ಓಡುವಾಗ ಎದುರಿನ ಗಾಳಿಯೇ ರೇಡಿಯೇಟರನ್ನು ತಣ್ಣಗಿಡುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಗಾಳಿ ಎಳೆಯಲು ಫ್ಯಾನ್ ಬೇಕು. ಹಾಗಾಗಿ ಫ್ಯಾನ್ ಇಲ್ಲದ ಗಾಡಿ ಬೆಂಗಳೂರಿನ ಟ್ರಾಫಿಕ್‌ನಲ್ಲೇ ಮೊದಲು ಕಾಯುವುದು. ಅಮ್ಮಿ ‘ಸದ್ದು ಬರುತ್ತಿಲ್ಲ’ ಅಂದ ದಿನ ತೋರಿಸಿದ್ದರೆ ಖರ್ಚು ಇಪ್ಪತ್ತು ರೂಪಾಯಿ ಮತ್ತು ಒಂದು ಚಹಾ. ಮುಳ್ಳು ಮೇಲೇರಿದ ಮೇಲೂ ಓಡಿಸಿದ್ದರಿಂದ ಹೆಡ್ ಗ್ಯಾಸ್ಕೆಟ್ ಹೋಯಿತು. ಗ್ಯಾರೇಜ್ ಬಿಲ್ 14,600 ರೂಪಾಯಿ. ಕೈಗೆ ಡ್ರೆಸ್ಸಿಂಗ್, ಔಷಧಿ, ಅಂಗಡಿಗೆ ಹೋಗಲಾಗದ ದಿನಗಳು ಬೇರೆ.

ನಮ್ಮ ಪಠ್ಯದಲ್ಲಿ ಎಚ್ಚರಿಕೆಯ ಸಂಪ್ರದಾಯ ಅಂತ ಒಂದು ಪಾಠ ಇದೆ. ಬರಬಹುದಾದ ನಷ್ಟಕ್ಕೆ ಮೊದಲೇ ಅವಕಾಶ ಮಾಡಿಡಬೇಕು, ಬಾರದ ಲಾಭವನ್ನು ಲೆಕ್ಕಕ್ಕೆ ಹಿಡಿಯಬಾರದು ಅಂತ. ಗಾಡಿ ವಿಷಯದಲ್ಲಿ ಗಂಡಸರು ಇದನ್ನು ಸರಿಯಾಗಿ ತಿರುವುಮುರುವು ಮಾಡುತ್ತಾರೆ. ‘ಸರಿ ಹೋಗುತ್ತೆ’ ಎಂಬ ಲಾಭವನ್ನು ಮೊದಲೇ ಬರೆದುಕೊಳ್ಳುತ್ತಾರೆ. ಇನ್ನೊಂದು ವಿಷಯ ಕೇಳಿ. ಆಮೇಲೆ ಆಪಾ ಇನ್ಶೂರೆನ್ಸ್ ಪಾಲಿಸಿ ಬಿಚ್ಚಿ ಓದಿದಳು. ರಸ್ತೆಯಲ್ಲಿ ಗಾಡಿ ನಿಂತರೆ ಫೋನ್ ಮಾಡಿದ ಕೂಡಲೇ ಮೆಕ್ಯಾನಿಕ್ ಬರುವ, ಬೇಕಾದರೆ ಎಳೆದುಕೊಂಡು ಹೋಗುವ ಸೌಲಭ್ಯ ಅದರಲ್ಲೇ ಇತ್ತು. ಅದಕ್ಕೆ ಮೂರು ವರ್ಷದಿಂದ ದುಡ್ಡನ್ನೂ ಕಟ್ಟಿದ್ದೆವು. ಮುಂಗಡ ಪಾವತಿಸಿದ ಖರ್ಚು, ಒಮ್ಮೆಯೂ ಉಪಯೋಗಿಸಿರಲಿಲ್ಲ. ಅಬ್ಬುವಿಗೆ ಅದು ಗೊತ್ತಿತ್ತು. “ಫೋನ್ ಮಾಡಿ ಕರೆಸುವಷ್ಟು ಏನಾಗಿತ್ತು?” ಅಂದರು.

ಗಾಡಿ ಕೆಲಸ ಗಂಡಸರದು ಅಂತ ಯಾರು ಬರೆದಿಟ್ಟರೋ ಗೊತ್ತಿಲ್ಲ. ಕಾರಿನ ಚರಿತ್ರೆ ಹಾಗೆ ಹೇಳುವುದಿಲ್ಲ. 1888ರ ಆಗಸ್ಟ್‌ನಲ್ಲಿ ಜರ್ಮನಿಯ ಬರ್ತಾ ಬೆಂಜ್ ಎಂಬ ಹೆಂಗಸು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಅವರ ಹೊಸ ಮೋಟಾರು ಗಾಡಿಯಲ್ಲಿ ಮಾನ್‌ಹೈಮ್‌ನಿಂದ ತಮ್ಮ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟರು. ಸುಮಾರು 100 ಕಿಲೋಮೀಟರ್. ಮೋಟಾರು ಗಾಡಿಯ ಮೊದಲ ದೂರ ಪ್ರಯಾಣ ಅದೇ ಎಂದು ಹೆಸರಾಗಿದೆ. ದಾರಿಯಲ್ಲಿ ಇಂಧನದ ಕೊಳವೆ ಕಟ್ಟಿಕೊಂಡಿತು. ಅವರು ಹ್ಯಾಟಿನ ಪಿನ್ ತೆಗೆದು ಬಿಡಿಸಿದರು. ತಂತಿಗೆ ಹೊದಿಕೆ ಬೇಕಾದಾಗ ಕಾಲುಚೀಲದ ಪಟ್ಟಿ ಸುತ್ತಿದರು. ಬ್ರೇಕ್ ಸವೆದಾಗ ಚಮ್ಮಾರರ ಹತ್ತಿರ ಚರ್ಮ ಹಾಕಿಸಿದರು. ಇಂಧನ ಮುಗಿದಾಗ ವೀಸ್‌ಲೋಖ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕೇಳಿ ಕೊಂಡರು. ಎಂಜಿನ್ ತಣ್ಣಗಿಡಲು ಮತ್ತೆ ಮತ್ತೆ ನಿಲ್ಲಿಸಿ ನೀರು ತುಂಬಿಸಿದರು. ದಿಬ್ಬ ಬಂದಾಗ ಗಾಡಿ ದೂಡಿದ್ದು ಹುಡುಗರು.

ಬರ್ತಾ ಗೊತ್ತಿದ್ದದ್ದನ್ನು ತಾವೇ ಮಾಡಿದರು, ಗೊತ್ತಿಲ್ಲದ್ದಕ್ಕೆ ಚಮ್ಮಾರರನ್ನು ಕೇಳಿದರು. ಇಡೀ ವಿದ್ಯೆ ಇಷ್ಟೇ. ನಾವಾದರೋ ಮೋಟಾರಿನ ನೆರಳಲ್ಲೇ ಬೆಳೆದವರು. ಆಡುಗೋಡಿಯ ಮೈಕೋ ಕಾರ್ಖಾನೆಯಲ್ಲಿ, ಅಂದರೆ ಈಗಿನ ಬಾಷ್‌ನಲ್ಲಿ, ಸ್ಪಾರ್ಕ್ ಪ್ಲಗ್, ಡೀಸೆಲ್ ಪಂಪ್ ತಯಾರಾಗುತ್ತಿದ್ದವು. ಬಿ.ಟಿ.ಎಂ. ಪಕ್ಕದ ಮೈಕೋ ಲೇಔಟಿಗೆ ಆ ಹೆಸರು ಅಲ್ಲಿಂದ ಬಂದದ್ದು. ಜೆ.ಸಿ. ರಸ್ತೆಯ ಉದ್ದಕ್ಕೂ ಬಿಡಿಭಾಗಗಳ ಅಂಗಡಿಗಳಿವೆ. ನಮ್ಮ ಕಾಲೇಜಿನಲ್ಲೇ ಮೆಕ್ಯಾನಿಕ್‌ಗಳ, ಟಿಂಕರಿಂಗ್ ಮಾಡುವವರ, ಸೀಟ್ ಕವರ್ ಹೊಲಿಯುವವರ ಮಕ್ಕಳು ಎಷ್ಟು ಜನ ಇದ್ದಾರೆ! ಕೇಳಿದರೆ ಹೇಳಿಕೊಡುವವರು ಪ್ರತಿ ಗಲ್ಲಿಯಲ್ಲೂ ಸಿಗುತ್ತಾರೆ.

ಈ ಲೇಖನದ ವಿಷಯ ಕೇಳಿ ಗೆಳೆಯನೊಬ್ಬ, “ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ದೊಡ್ಡ ಭಾಷಣವೇ?” ಅಂದ. ಮಳೆಗಾಲದಲ್ಲಿ ಸಿಲ್ಕ್ ಬೋರ್ಡ್ ಕಡೆ ಹೋಗಿ ನೋಡಲಿ. ನೀರು ನಿಂತ ರಸ್ತೆಯಲ್ಲಿ ‘ಹೋಗುತ್ತೆ ಬಿಡು’ ಅಂತ ಗಾಡಿ ನುಗ್ಗಿಸುತ್ತಾರೆ. ನಡುವೆ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯುತ್ತಾರೆ. ಎಂಜಿನ್ ಒಳಗೆ ನೀರು ಹೋಗಿದ್ದರೆ ಪಿಸ್ಟನ್ ಗಾಳಿಯನ್ನು ಒತ್ತಿದ ಹಾಗೆ ನೀರನ್ನು ಒತ್ತಲಾರದು. ಆಗ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಮುಟ್ಟದೆ ಬಿಟ್ಟಿದ್ದರೆ ಉಳಿಯುತ್ತಿದ್ದ ಎಂಜಿನ್ ನಮ್ಮ ಹಟದಿಂದ ಹೋಗುತ್ತದೆ. ದುಡ್ಡಾದರೂ ಹೋಗಲಿ. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ಮಳೆನೀರಿಗೆ ಕಾರು ಸಿಲುಕಿ ಒಬ್ಬ ಯುವತಿಯ ಪ್ರಾಣವೇ ಹೋಯಿತು. ಅಲ್ಲಿ ಯಾರ ತಪ್ಪು ಎಷ್ಟು ಎಂದು ಹೇಳಲು ನಾನು ಯಾರೂ ಅಲ್ಲ. ಆದರೆ ಆ ದಿನದ ನಂತರ ಈ ಊರಿನಲ್ಲಿ ಯಾರೂ ನೀರಿನ ಆಳವನ್ನು ಅಂದಾಜಿನ ಮೇಲೆ ಅಳೆಯಬಾರದು. ಹಿಂದಿನ ಸೀಟಿನಿಂದ ಒಬ್ಬರು ‘ಬೇಡ’ ಅಂದರೆ ನಿಲ್ಲಿಸಬೇಕು.

ಹಾಗಾದರೆ ಗಂಡಸರು ಯಾಕೆ ಹೀಗೆ ಮಾಡುತ್ತಾರೆ? ಬರೀ ಅಹಂಕಾರ ಅಂದರೆ ಅನ್ಯಾಯವಾದೀತು. ಆ ರಾತ್ರಿ ನಾನು ಅಬ್ಬುವಿಗೆ ಊಟ ತಿನ್ನಿಸುತ್ತಿದ್ದೆ, ಅವರ ಬಲಗೈಗೆ ಬ್ಯಾಂಡೇಜ್ ಇತ್ತು. ಅವರಾಗಿಯೇ ಹೇಳಿದರು, “ಎಲ್ಲರೂ ನೋಡುತ್ತಿದ್ದರು ಬೇಟಾ. ಹಿಂದೆ ಹಾರ್ನ್. ಒಳಗೆ ನಿನ್ನ ಅಮ್ಮಿ, ಆಪಾ. ಸುಮ್ಮನೆ ಹೇಗೆ ನಿಲ್ಲಲಿ? ಏನಾದರೂ ಮಾಡಬೇಕಿತ್ತು.”

ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ರಸ್ತೆ ಮಧ್ಯೆ ಮನೆಯವರನ್ನು ಕೂರಿಸಿಕೊಂಡು ನಿಂತ ಗಂಡಸಿಗೆ ಸುಮ್ಮನೆ ನಿಲ್ಲುವುದೇ ಸೋಲು ಅನ್ನಿಸುತ್ತದೆ. ಅದಕ್ಕೆ ಟೈರು ಒದೆಯುತ್ತಾನೆ, ಬಾನೆಟ್ ಎತ್ತುತ್ತಾನೆ, ಮುಚ್ಚಳ ತಿರುಗಿಸುತ್ತಾನೆ. ಸುತ್ತ ನಿಂತವರೂ ಹಾಗೆಯೇ. ಗಂಡಸಾಗಿ ಬಂದು ‘ಗೊತ್ತಿಲ್ಲ’ ಅಂದರೆ ಬಂದದ್ದೇ ದಂಡ ಅಂದುಕೊಳ್ಳುತ್ತಾರೆ. ನನಗೆ ಅಬ್ಬು ಮೇಲೆ ಸಿಟ್ಟಿಲ್ಲ. ಎಲ್ಲವೂ ಗೊತ್ತಿರಬೇಕು ಅಂತ ಅವರ ತಲೆಯ ಮೇಲೆ ಹೊರಿಸಿದ ಭಾರದ ಮೇಲೆ ಸಿಟ್ಟಿದೆ.

ಯಾಕೆಂದರೆ ಅಂಗಡಿಯಲ್ಲಿ ಅಬ್ಬು ಹೀಗಿಲ್ಲ. ಜಯನಗರ ನಾಲ್ಕನೇ ಬ್ಲಾಕ್ ಹತ್ತಿರ ಅವರದು ಚಿಕ್ಕ ಬಟ್ಟೆ ಅಂಗಡಿ. ಎರಡು ಬೆರಳಲ್ಲಿ ಬಟ್ಟೆ ಮುಟ್ಟಿ ಇದು ಇಂಥದ್ದು ಅನ್ನುತ್ತಾರೆ. ಆದರೂ ಗಿರಾಕಿ ಬಣ್ಣ ಬಿಡುತ್ತದೆಯೇ ಅಂತ ಕೇಳಿದಾಗ ಅನುಮಾನ ಇದ್ದರೆ “ಗೊತ್ತಿಲ್ಲ ಅಮ್ಮಾ, ಕೇಳಿ ಹೇಳ್ತೀನಿ” ಅಂತ ದಿನಕ್ಕೆ ಹತ್ತು ಸಲ ಹೇಳುತ್ತಾರೆ. ಅದರಿಂದಲೇ ಗಿರಾಕಿಗಳು ಅವರನ್ನು ನಂಬುವುದು.

ನಮ್ಮ ಕಾರನ್ನು ರಿಪೇರಿ ಮಾಡಿದ ಮೆಕ್ಯಾನಿಕ್ ಭಾಯಿಯೂ ಹಾಗೆಯೇ. ಇಪ್ಪತ್ತೈದು ವರ್ಷದ ಅನುಭವ ಅವರಿಗೆ. ಏನಾಗಿರಬಹುದು ಅಂತ ಕೇಳಿದೆ. “ಬಿಚ್ಚಿ ನೋಡದೆ ಹೇಳಕ್ಕಾಗಲ್ಲ” ಅಂದರು. ಸಾರಕ್ಕಿ ಸಿಗ್ನಲ್‌ನಲ್ಲಿ ಆರು ಜನ ಒಂದು ನಿಮಿಷದಲ್ಲಿ ಉತ್ತರ ಕೊಟ್ಟಿದ್ದರು. ನಿಜವಾಗಿ ಕೆಲಸ ಬಲ್ಲವರೊಬ್ಬರೇ ಗೊತ್ತಿಲ್ಲ ಅಂದದ್ದು. ಚಿಕ್ಕವನಿದ್ದಾಗ ಮದ್ರಸಾದಲ್ಲಿ ಹಜರತ್ ಹೇಳುತ್ತಿದ್ದ ಇಮಾಮ್ ಮಾಲಿಕ್ ಅವರ ಕಥೆ ಆಗ ನೆನಪಾಯಿತು. ಬಹಳ ದೂರದಿಂದ ಮದೀನಾಕ್ಕೆ ಬಂದವರು ಅವರ ಮುಂದೆ ಪ್ರಶ್ನೆಗಳ ರಾಶಿಯನ್ನೇ ಇಟ್ಟಾಗ, ಅವರು ಹೆಚ್ಚಿನವಕ್ಕೆ ನನಗೆ ಗೊತ್ತಿಲ್ಲ ಎಂದರಂತೆ. ಅದರಿಂದ ಅವರ ಗೌರವ ಕಡಿಮೆಯಾಗಲಿಲ್ಲ. ನಾವು ಆ ಕಥೆಯನ್ನು ಕೇಳಿ ಸುಬ್ಹಾನಲ್ಲಾಹ್ ಅಂದು, ಬಾನೆಟ್ ಮುಂದೆ ಬಂದಾಗ ಮರೆತುಬಿಡುತ್ತೇವೆ.

ಈಗ ನನ್ನ ಸರದಿ. ಜೂನ್‌ನಲ್ಲಿ ಕಾಲೇಜು ಗೇಟಿನ ಹೊರಗೆ ಗೆಳೆಯನ ಅಣ್ಣನ ಸ್ಕೂಟರ್ ಸ್ಟಾರ್ಟ್ ಆಗಲಿಲ್ಲ. ನನಗೆ ಯಾರೂ ಹೇಳಿರಲಿಲ್ಲ, ಆದರೂ ಮುಂದೆ ಹೋಗಿ ನಿಂತೆ. “ಪ್ಲಗ್ ಪ್ರಾಬ್ಲಂ” ಅಂದೆ. ಸ್ಕೂಟರಿನಲ್ಲಿ ಪ್ಲಗ್ ಎಲ್ಲಿರುತ್ತದೆ ಅಂತ ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಸೈನ್ಸ್ ಸೆಕ್ಷನ್‌ನ ಒಬ್ಬ ಹುಡುಗಿ ಹೋಗುತ್ತಾ ಹೋಗುತ್ತಾ “ಸೈಡ್ ಸ್ಟ್ಯಾಂಡ್ ಎತ್ತಿ” ಅಂದಳು. ಸ್ಟ್ಯಾಂಡ್ ಇಳಿದಿದ್ದರೆ ಎಂಜಿನ್ ಸ್ಟಾರ್ಟ್ ಆಗದ ಹಾಗೆ ಅದರಲ್ಲಿ ಸ್ವಿಚ್ ಇರುತ್ತದಂತೆ. ಎತ್ತಿದೆವು, ಸ್ಟಾರ್ಟ್ ಆಯಿತು. ನಾನು ಏನು ಹೇಳಿದೆ ಗೊತ್ತೇ? “ಗೊತ್ತಿತ್ತು, ಅದನ್ನೇ ನೋಡ್ತಿದ್ದೆ” ಅಂದೆ. ಅಬ್ಬುವಿನ ಕೈ ಸುಟ್ಟು ಆಗ ಎರಡು ತಿಂಗಳೂ ಆಗಿರಲಿಲ್ಲ. ಹದಿನೇಳು ವರ್ಷಕ್ಕೇ ನನಗೆ ಈ ಖಾಯಿಲೆ ಹತ್ತಿದೆ ಅಂತ ಅವತ್ತು ಗೊತ್ತಾಯಿತು. ಆ ಹುಡುಗಿ ಇದನ್ನು ಓದುತ್ತಿದ್ದರೆ, ಕ್ಷಮಿಸಿ. ನನಗೆ ಗೊತ್ತಿರಲಿಲ್ಲ.

ಇನ್ನು ಅಮ್ಮಿಯ ವಿಷಯ. ಅಮ್ಮಿಗೆ ಕಾರಿನ ಲೈಸೆನ್ಸ್ ಇದೆ. ಆರು ವರ್ಷದ ಹಿಂದೆ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕಲಿತು, ಟೆಸ್ಟ್ ಪಾಸಾಗಿ ತೆಗೆದುಕೊಂಡದ್ದು. ಅದು ಅಲ್ಮೇರಾದಲ್ಲಿ ರೇಷನ್ ಕಾರ್ಡ್ ಜೊತೆ ಇತ್ತು. ಅಬ್ಬುವಿನ ಕೈ ವಾಸಿಯಾಗುವವರೆಗೆ ಮೂರು ವಾರ ಅಮ್ಮಿಯೇ ಕಾರು ಓಡಿಸಿದರು. ಮೊದಲು ಎರಡು ಸಲ ಎಂಜಿನ್ ಆಫ್ ಆಯಿತು, ಆಮೇಲೆ ಸರಿಹೋಯಿತು. ಅಬ್ಬು ಪಕ್ಕದ ಸೀಟಿನಲ್ಲಿ ಕುಳಿತು ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಒತ್ತುತ್ತಿದ್ದರು, “ಕ್ಲಚ್, ಕ್ಲಚ್” ಅನ್ನುತ್ತಿದ್ದರು. ಅಮ್ಮಿ ಪ್ರತಿ ಭಾನುವಾರ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಕೂಲಂಟ್, ಎಂಜಿನ್ ಆಯಿಲ್, ಟೈರ್ ಗಾಳಿ ನೋಡುತ್ತಿದ್ದರು. ಮನೆಯ ಗ್ಯಾಸ್ ಯಾವಾಗ ಮುಗಿಯುತ್ತದೆ ಅಂತ ಅಳತೆ ಇಡುವವರಿಗೆ ಇದೇನು ದೊಡ್ಡ ಕೆಲಸವಲ್ಲ.

ಕೈ ವಾಸಿಯಾಯಿತು, ಅಲ್‌ಹಮ್ದುಲಿಲ್ಲಾಹ್. ಕಾರಿನ ಕೀ ಮತ್ತೆ ಅಬ್ಬುವಿನ ಜೇಬಿಗೆ ಹೋಯಿತು. ಯಾರೂ ಕಿತ್ತುಕೊಳ್ಳಲಿಲ್ಲ, ಯಾರೂ ಕೇಳಲೂ ಇಲ್ಲ. ಲೈಸೆನ್ಸ್ ಮತ್ತೆ ಅಲ್ಮೇರಾಕ್ಕೆ ಹೋಯಿತು. ನಾನು ಈ ಲೇಖನ ಬರೆಯಲು ಕುಳಿತದ್ದು ಅದಕ್ಕೆ. ಕೀ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡಬೇಕು, ಓಡಿಸಲು ಬರುವ ಯಾರ ಕೈಗಾದರೂ ಸಿಗಬೇಕು ಅಂತ ನನ್ನ ಅಭಿಪ್ರಾಯ. ಇದನ್ನು ಮನೆಯಲ್ಲಿ ಹೇಳಲು ಧೈರ್ಯ ಸಾಲದೆ ಇಲ್ಲಿ ಬರೆಯುತ್ತಿದ್ದೇನೆ. ಅಬ್ಬು ಈ ಪತ್ರಿಕೆಯನ್ನು ಓದುತ್ತಾರೆ.

‘ಹೆಂಗಸರು ತಪ್ಪೇ ಮಾಡುವುದಿಲ್ಲವೇ?’ ಅಂತ ಯಾರಾದರೂ ಕೇಳಬಹುದು. ಮಾಡುತ್ತಾರೆ. ಆದರೆ ಗಾಡಿ ಕೆಟ್ಟಾಗ ನಮ್ಮ ಮನೆಗಳಲ್ಲಿ ಅವರಿಗೆ ತಪ್ಪು ಮಾಡುವ ಅವಕಾಶವೂ ಸಿಗುವುದಿಲ್ಲ. ಅವರ ಕೆಲಸ ಗಾಜು ಇಳಿಸಿಕೊಂಡು ಕೂರುವುದು.

ನಾವೆಲ್ಲ ಇನ್ನೂ ಹದಿನೆಂಟು ತುಂಬದವರು, ಕಾರು ಓಡಿಸುವ ಹಾಗಿಲ್ಲ, ಓಡಿಸಲೂ ಬಾರದು. ಆದರೆ ಕಲಿಯಲು ಲೈಸೆನ್ಸ್ ಬೇಡ. ಕಾಲೇಜಿನವರಿಗೆ ನನ್ನದೊಂದು ಮನವಿ. ವರ್ಷಕ್ಕೆ ಅರ್ಧ ದಿನ, ಹುಡುಗರಿಗೂ ಹುಡುಗಿಯರಿಗೂ ಸೇರಿಸಿ, ಒಬ್ಬ ಮೆಕ್ಯಾನಿಕ್ ಭಾಯಿಯನ್ನು ಕರೆಸಿ. ಸ್ಟೆಪ್ನಿ ಹಾಕುವುದು, ಬ್ಯಾಟರಿಗೆ ಜಂಪ್ ಕೊಡುವುದು, ಡ್ಯಾಶ್‌ಬೋರ್ಡಿನ ಯಾವ ದೀಪಕ್ಕೆ ಏನು ಅರ್ಥ ಎನ್ನುವುದು ಹೇಳಿಕೊಡಲಿ. ಬ್ಯಾಲೆನ್ಸ್ ಶೀಟ್ ತಾಳೆ ಮಾಡಲು ಕಲಿತವರು ಇದನ್ನೂ ಕಲಿಯುತ್ತೇವೆ.

ಅಲ್ಲಿಯವರೆಗೆ ಮನೆಯಲ್ಲಿ ಇಷ್ಟು ಹೇಳಿ. ಟೆಂಪರೇಚರ್ ಮುಳ್ಳು ಮೇಲೇರಿದರೆ ‘ಇನ್ನೇನು ಬಂತು’ ಅನ್ನದೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ನಾಲ್ಕೂ ಇಂಡಿಕೇಟರ್ ಹಾಕಿ. ಕನಿಷ್ಠ ಅರ್ಧ ಗಂಟೆ ರೇಡಿಯೇಟರ್ ಮುಚ್ಚಳ ಮುಟ್ಟಬೇಡಿ, ಆಮೇಲೂ ಪೂರ್ತಿ ತಣ್ಣಗಾಗದೆ ತೆಗೆಯಬೇಡಿ. ಪಾಲಿಸಿಯಲ್ಲಿರುವ ಸಹಾಯದ ನಂಬರನ್ನು ಮನೆಯ ಎಲ್ಲರ ಫೋನಿನಲ್ಲೂ ಇಟ್ಟುಕೊಳ್ಳಿ. ಮೈಸೂರು ಕಡೆ ಹೋಗುವಾಗ ರಾಷ್ಟ್ರೀಯ ಹೆದ್ದಾರಿಯಲ್ಲಿ ನಿಂತರೆ 1033ಕ್ಕೆ ಫೋನ್ ಮಾಡಿ. ಹಿಂದಿನ ಸೀಟಿನಿಂದ ಯಾರಾದರೂ ಏನಾದರೂ ಹೇಳಿದರೆ ರೇಡಿಯೋ ಸೌಂಡ್ ಕಡಿಮೆ ಮಾಡಿ ಕೇಳಿ.

ಮತ್ತೆ ಯಾವತ್ತಾದರೂ ಬಾನೆಟ್ ಸುತ್ತ ನಿಂತ ಗುಂಪಿನಲ್ಲಿ ನೀವು ಇದ್ದರೆ, ಗಾಡಿ ದೂಡಿ, ನೀರು ತಂದುಕೊಡಿ. ‘ಏನಾಗಿರಬಹುದು?’ ಅಂತ ಯಾರಾದರೂ ನಿಮ್ಮ ಮುಖ ನೋಡಿದರೆ, ‘ನನಗೆ ಗೊತ್ತಿಲ್ಲ ಅಂಕಲ್, ಗೊತ್ತಿರುವವರನ್ನು ಕರೆಯೋಣ’ ಅನ್ನಿ. ನಾನೂ ಅಭ್ಯಾಸ ಮಾಡುತ್ತಿದ್ದೇನೆ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ